ಒಂದೇ ಸೈಟಿನ ಎರಡು ಪುಟಗಳ ಜಗಳ: 301, ಕ್ಯಾನೊನಿಕಲ್, ನೋಇಂಡೆಕ್ಸ್ – ಯಾವುದು ಎಲ್ಲಿಗೆ?

ಗೂಗಲ್‌ನಲ್ಲಿ ಒಂದೇ ಕೀವರ್ಡ್‌ಗೆ (ಹುಡುಕುವ ಪದಕ್ಕೆ) ನಿಮ್ಮ ಸೈಟಿನ ಎರಡು ಪುಟ ಬಂದ ಮಾತ್ರಕ್ಕೆ ಅವು ಒಂದರ ಜಾಗವನ್ನು ಇನ್ನೊಂದು ಕಸಿಯುತ್ತ ಕಚ್ಚಾಡುತ್ತಿವೆ ಎಂದಲ್ಲ. ಎರಡೂ ಫಲಿತಾಂಶಗಳ ಮೊದಲ ಪುಟದಲ್ಲೇ ಗಟ್ಟಿಯಾಗಿ ಕೂತಿದ್ದರೆ ಮುಟ್ಟದಿರುವುದೇ ಲೇಸು.

ಅನುಮಾನವಿದ್ದರೆ, ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸಾಧನವಾದ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ತೆರೆದು, ಆ ಕ್ವೆರಿಗೆ (ಜನ ಹುಡುಕಿದ ಪದಗಳಿಗೆ) ಫಿಲ್ಟರ್ ಹಾಕಿ. ಅವಧಿಯನ್ನು 16 ತಿಂಗಳಿಗೆ ಹಿಗ್ಗಿಸಿ (ಅದಕ್ಕಿಂತ ಹಿಂದಿನದು ಅಲ್ಲಿ ಸಿಗುವುದಿಲ್ಲ), ಎರಡು ಪುಟಗಳನ್ನು ಅಕ್ಕಪಕ್ಕ ಹೋಲಿಸಿ. ಒಂದರ ಗೆರೆ ಏರಿದಾಗಲೆಲ್ಲ ಇನ್ನೊಂದರದು ಇಳಿದು, ಮತ್ತೆ ಅದಲುಬದಲಾಗುತ್ತಿದ್ದರೆ ಜಗಳ ನಿಜ. ಒಂದು ಎಡವಟ್ಟಿನ ಬಗ್ಗೆ ಎಚ್ಚರ: ಒಂದೇ ಹುಡುಕಾಟದಲ್ಲಿ ಎರಡೂ ಪುಟ ಕಂಡರೆ ಸೈಟಿನ ಲೆಕ್ಕದಲ್ಲಿ ಇಂಪ್ರೆಶನ್ (ಫಲಿತಾಂಶದಲ್ಲಿ ಕಾಣಿಸಿಕೊಂಡ ಎಣಿಕೆ) ಒಂದು, ಪುಟಗಳ ಲೆಕ್ಕದಲ್ಲಿ ಎರಡು. ಪುಟಗಳ ಸಂಖ್ಯೆ ಕೂಡಿದಾಗ ಮೊತ್ತ ತಾಳೆಯಾಗದಿರುವುದು ಇದರಿಂದಲೇ. ಅದನ್ನು ಜಗಳದ ಸಾಕ್ಷಿ ಎಂದುಕೊಳ್ಳಬೇಡಿ.

ಒಂದು ಸೈಕಲ್ ಸೈಟ್ ಇದೆ ಎನ್ನಿ. ‘ಚೈನ್ ಶುಚಿ ಮಾಡುವುದು ಹೇಗೆ’ ಎಂಬುದೊಂದು ಪುಟ, ‘ಚೈನ್ ಕ್ಲೀನಿಂಗ್ ಸಲಹೆಗಳು’ ಎಂಬುದು ಇನ್ನೊಂದು. ಓದುಗ ಕೇಳುವ ಪ್ರಶ್ನೆ ಎರಡಕ್ಕೂ ಒಂದೇ. ಇಂಥ ಕಡೆ ಎಲ್ಲ ಉಪಾಯಗಳನ್ನೂ ಬಳಸಿ ನೋಡಿದ ಮೇಲೆ ನಮ್ಮ ಮತ, ಹಳೆಯ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್‌ಗೇ.

ಉಳಿಸಿಕೊಳ್ಳುವ ಪುಟ ಯಾವುದೆಂದು ಮೊದಲು ತೀರ್ಮಾನಿಸಿ. ಹೊಸದು ಯಾವುದು, ಚೆಂದ ಯಾವುದು ಎಂದಲ್ಲ; ಹೊರಗಿನ ಸೈಟ್‌ಗಳಿಂದ ಬರುವ ಲಿಂಕ್ ಹಾಗೂ ಕ್ಲಿಕ್ ಯಾವುದಕ್ಕೆ ಹೆಚ್ಚು ಎಂದು ನೋಡಿ. ಬೀಳುವ ಪುಟದಲ್ಲಿರುವ ಒಳ್ಳೆಯ ಭಾಗವನ್ನು, ಉದಾಹರಣೆಗೆ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ತೊಳೆದ ಮೇಲೆ ಚೈನ್ ಒಣಗಿಸಿಯೇ ಎಣ್ಣೆ ಬಿಡಬೇಕೆಂಬ ಪ್ಯಾರಾವನ್ನು, ಉಳಿಯುವ ಪುಟಕ್ಕೆ ಸೇರಿಸಿ. ಆಮೇಲೆ ರೀಡೈರೆಕ್ಟ್. ಈ ಕ್ರಮ ತಪ್ಪಿದರೆ, ಆ ಪ್ಯಾರಾದಿಂದ ಬರುತ್ತಿದ್ದ ಚಿಕ್ಕಪುಟ್ಟ ಕ್ವೆರಿಗಳೂ ಕೈಬಿಟ್ಟು ಹೋಗುತ್ತವೆ. ಕೊನೆಗೆ ಸೈಟಿನೊಳಗಿನ ಹಳೆಯ ಲಿಂಕ್‌ಗಳನ್ನು ನೇರವಾಗಿ ಹೊಸ ವಿಳಾಸಕ್ಕೆ ತಿದ್ದಿ, ಸೈಟ್‌ಮ್ಯಾಪ್‌ನಿಂದ (ಸರ್ಚ್ ಎಂಜಿನ್‌ಗೆ ಕೊಡುವ ಪುಟಗಳ ಪಟ್ಟಿಯಿಂದ) ಹಳೆಯದನ್ನು ತೆಗೆಯಿರಿ.

ಕೆಡುವುದು ಮೂರು ಕಡೆ. ಅಪಾಚೆ ಸರ್ವರ್‌ನ ‘ರೀಡೈರೆಕ್ಟ್’ ಆಜ್ಞೆ ಕೊಟ್ಟ ವಿಳಾಸದ ಕೆಳಗಿನ ಉಪಪುಟಗಳನ್ನೂ ಎಳೆದುಕೊಂಡು ಹೋಗುತ್ತದೆ; ಒಂದೇ ಪುಟ ಸಾಕಿದ್ದರೆ ‘ರೀಡೈರೆಕ್ಟ್‌ಮ್ಯಾಚ್’ ಬಳಸಿ, ವಿಳಾಸದ ಮೊದಲಿಗೆ ^, ಕೊನೆಗೆ $ ಗುರುತು ಹಾಕಿ. ಹಳೆಯ ರೀಡೈರೆಕ್ಟ್‌ನ ಮೇಲೆ ಹೊಸದು, ಅದರ ಮೇಲೆ ಮತ್ತೊಂದು ಎಂದು ಸರಪಳಿ ಬೆಳೆಸಬೇಡಿ: ಪುಟಗಳನ್ನು ಓದಲು ಬರುವ ಗೂಗಲ್‌ನ ಪ್ರೋಗ್ರಾಂ, ಗೂಗಲ್‌ಬಾಟ್, 10 ಜಿಗಿತದವರೆಗೆ ಬರುತ್ತದೆ, ನಂತರ ಕೈಬಿಡುತ್ತದೆ. ಇನ್ನು ಬೇಡವಾದ ಪುಟಗಳನ್ನೆಲ್ಲ ಹೋಮ್‌ಪೇಜ್‌ಗೆ ತಳ್ಳುವುದು ಸೋಮಾರಿ ಕೆಲಸ. ಸಂಬಂಧವಿಲ್ಲದ ರೀಡೈರೆಕ್ಟ್‌ನ್ನು ಗೂಗಲ್ ಸಾಫ್ಟ್ 404 (ಪುಟವೇ ಇಲ್ಲದ್ದಕ್ಕೆ ಸಮ) ಎಂದು ಎಣಿಸಬಹುದು. ಸರಿಯಾಗಿ ಹಾಕಿದ್ದನ್ನು ಕನಿಷ್ಠ 1 ವರ್ಷ ತೆಗೆಯಬೇಡಿ.

ಕ್ಯಾನೊನಿಕಲ್ ಟ್ಯಾಗ್ (‘ಅಸಲಿ ಪುಟ ಅದು’ ಎಂದು ಗೂಗಲ್‌ಗೆ ತೋರಿಸುವ ಕೋಡಿನ ಸಾಲು) ಸಲೀಸು, ಪುಟವೂ ಉಳಿಯುತ್ತದೆ. ಬಹಳ ಜನ ಮೊದಲು ಇದಕ್ಕೇ ಕೈ ಹಾಕುವುದೂ ಆ ಕಾರಣಕ್ಕೇ. 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಒಟ್ಟಾಗಿ ಇದನ್ನು ತಂದದ್ದು ನಕಲು ಪುಟಗಳಿಗೆಂದು: ಪ್ರಿಂಟ್ ಆವೃತ್ತಿ, ವಿಳಾಸದ ಕೊನೆಗೆ ಟ್ರ್ಯಾಕಿಂಗ್ ಬಾಲ ಅಂಟಿದ ಪುಟ, ಬಣ್ಣವೊಂದೇ ಬೇರೆಯಾದ ಉತ್ಪನ್ನ. ಇದು ಆಜ್ಞೆಯಲ್ಲ, ಕೋರಿಕೆ. ನಮ್ಮ ಎರಡು ಚೈನ್ ಪುಟಗಳ ವಿಷಯ ಒಂದೇ ಆದರೂ ಬರಹ ಬೇರೆಬೇರೆ. ಹಾಗಾಗಿ ಗೂಗಲ್ ಕೋರಿಕೆಯನ್ನು ಪಕ್ಕಕ್ಕಿಡುವ ಸಂಭವವೇ ಹೆಚ್ಚು. ಹಾಗಾಗಿದೆಯೇ ಎಂದು ತಿಳಿಯಲು ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ನೀವು ಹೇಳಿದ ಕ್ಯಾನೊನಿಕಲ್ ಮತ್ತು ಗೂಗಲ್ ಆರಿಸಿದ್ದು, ಎರಡನ್ನೂ ನೋಡಿ. ಟ್ಯಾಗ್ ಪುಟದ ಕೋಡಿನ ‘ಹೆಡ್’ ಭಾಗದಲ್ಲೇ ಇರಬೇಕು. ‘ಬಾಡಿ’ಗೆ ಜಾರಿದರೆ ಲೆಕ್ಕಕ್ಕೇ ಬರುವುದಿಲ್ಲ.

ನೋಇಂಡೆಕ್ಸ್ (‘ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡ’ ಎಂಬ ಸೂಚನೆ) ಇದಕ್ಕೆ ತದ್ವಿರುದ್ಧ: ಮಾತು ಕಡ್ಡಾಯವಾಗಿ ನಡೆಯುತ್ತದೆ, ಆದರೆ ಏನನ್ನೂ ಒಗ್ಗೂಡಿಸುವುದಿಲ್ಲ. ಆ ಪುಟ ಗಳಿಸಿದ್ದ ಲಿಂಕ್‌ಗಳ ಬಲ ಉಳಿಯುವ ಪುಟಕ್ಕೆ ವರ್ಗವಾಗದು. ಅದಕ್ಕೇ ಲೇಖನಗಳಿಗೆ ಬೇಡ. ವರ್ಡ್‌ಪ್ರೆಸ್‌ನ ಟ್ಯಾಗ್ ಪುಟ (ಒಂದು ಪದದಡಿ ಬರುವ ಲೇಖನಗಳ ಪಟ್ಟಿ), ಸೈಟಿನೊಳಗಿನ ಹುಡುಕಾಟದ ಫಲಿತಾಂಶದಂಥವಕ್ಕೆ ಹೇಳಿ ಮಾಡಿಸಿದ್ದು. ‘ಚೈನ್’ ಎಂಬ ಟ್ಯಾಗ್ ಪುಟ ಲೇಖನವನ್ನೇ ಹಿಂದಕ್ಕೆ ತಳ್ಳುವುದು ಅಪರೂಪವೇನಲ್ಲ. ಜೊತೆಗೆ ರೋಬೋಟ್ಸ್ ಫೈಲಿನಲ್ಲೂ (ಬಾಟ್‌ಗಳು ಎಲ್ಲಿಗೆ ಬರಬಾರದೆಂದು ಹೇಳುವ robots.txt) ಅದೇ ಪುಟವನ್ನು ತಡೆದರೆ ಕೆಲಸ ಕೆಟ್ಟಿತು: ಬಾಟ್ ಒಳಗೆ ಬಂದರೆ ತಾನೇ ನೋಇಂಡೆಕ್ಸ್ ಓದುವುದು? ರೋಬೋಟ್ಸ್ ಫೈಲಿನಲ್ಲೇ ನೋಇಂಡೆಕ್ಸ್ ಬರೆಯುವ ಹಳೆಯ ರೂಢಿಯನ್ನು ಗೂಗಲ್ 2019ರ ಸೆಪ್ಟೆಂಬರ್ 1ರಿಂದ ಮಾನ್ಯ ಮಾಡುವುದಿಲ್ಲ. ಒಂದೇ ಪುಟಕ್ಕೆ ನೋಇಂಡೆಕ್ಸ್ ಜೊತೆ ಬೇರೆ ಪುಟದತ್ತ ಕ್ಯಾನೊನಿಕಲ್ ಹಾಕುವುದೂ ಬೇಡ, ಎರಡೂ ಎರಡು ದಿಕ್ಕಿಗೆ ಎಳೆಯುತ್ತವೆ.

ಎರಡನೇ ಪುಟ ‘ತುಕ್ಕು ಹಿಡಿದ ಚೈನ್ ಉಳಿಸಬಹುದೇ, ಬದಲಿಸಬೇಕೇ’ ಎಂದಿದ್ದರೆ ಮಾತೇ ಬೇರೆ. ಅಲ್ಲಿ ಪ್ರಶ್ನೆ ಎರಡು, ಪುಟಗಳೂ ಎರಡಿರಲಿ. ತುಕ್ಕಿನ ಪುಟದಿಂದ ಶುಚಿ ಮಾಡುವ ಹಂತಗಳನ್ನು ಕಿತ್ತು, ಒಂದು ಸಾಲಿನ ಲಿಂಕ್ ಇಡಿ; ಟೈಟಲ್, ಎಚ್1 (ಪುಟದೊಳಗಿನ ಮುಖ್ಯ ಶೀರ್ಷಿಕೆ) ಎರಡನ್ನೂ ತುಕ್ಕಿಗೇ ಕಟ್ಟಿ. ಜನ ಮರೆಯುವುದು ಆಂಕರ್ ಟೆಕ್ಸ್ಟ್, ಅಂದರೆ ಲಿಂಕ್ ಅಂಟಿಸಿದ ಪದಗಳು. ಸೈಟಿನ ಹತ್ತು ಕಡೆಗಳಲ್ಲಿ ‘ಚೈನ್ ಶುಚಿ’ ಎಂಬ ಪದಗಳಿಂದಲೇ ತುಕ್ಕಿನ ಪುಟಕ್ಕೆ ಲಿಂಕ್ ಇದ್ದರೆ, ಪುಟವನ್ನು ಎಷ್ಟು ತಿದ್ದಿದರೂ ಜಗಳ ಪೂರ್ತಿ ಬಿಡುವುದಿಲ್ಲ. ಆ ಹತ್ತನ್ನೂ ಹುಡುಕಿ ತಿದ್ದಿದ ಮೇಲೆ, ಗೂಗಲ್ ಎರಡೂ ಪುಟಗಳನ್ನು ಮತ್ತೆ ಕ್ರಾಲ್ ಮಾಡಿದ (ಬಂದು ಓದಿದ) ದಿನಾಂಕವನ್ನು ಇನ್‌ಸ್ಪೆಕ್ಷನ್‌ನಲ್ಲಿ ನೋಡಿಕೊಳ್ಳಿ. ಅದಕ್ಕೂ ಮುಂಚಿನ ಏರಿಳಿತಕ್ಕೂ ನಿಮ್ಮ ತಿದ್ದುಪಡಿಗೂ ಸಂಬಂಧವಿಲ್ಲ.