ಪಿಟಿಎಂ 7950 ಹಾಳೆ: 8 ತಿಂಗಳು ಬಳಸಿ ನೋಡಿದ ಮೇಲೆ

ನನ್ನ ಗೇಮಿಂಗ್ ಲ್ಯಾಪ್‌ಟಾಪಿನ ಪ್ರೊಸೆಸರ್ ಆಟ ಶುರುವಾಯಿತೆಂದರೆ 97 ಡಿಗ್ರಿಗಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಐದು ನಿಮಿಷಕ್ಕೆ ಫ್ಯಾನ್‌ಗಳು ಜೋರಾಗಿ ಕೂಗುತ್ತಿದ್ದವು, ಕೀಬೋರ್ಡಿನ ಮೇಲಂಚಿನ ಲೋಹದ ಪಟ್ಟಿ ಮುಟ್ಟಿದರೆ ಚುರ್ ಅನ್ನುತ್ತಿತ್ತು, ಇಪ್ಪತ್ತು ನಿಮಿಷ ಕಳೆದರೆ ಆಟ ತಡವರಿಸಲು ಶುರು. ಈಗ ಅದೇ ಆಟ, ಅದೇ ಸೆಟ್ಟಿಂಗ್, 84ರಿಂದ 86. ಕಾರಣ ಹನಿವೆಲ್ ಕಂಪನಿಯ ಪಿಟಿಎಂ 7950 ಅನ್ನೋ ಒಂದು ಸಣ್ಣ ಬೂದು ಹಾಳೆ. ಪ್ರೊಸೆಸರಿನ ಕಾವನ್ನು ಅದರ ಮೇಲಿನ ತಾಮ್ರಕ್ಕೆ ದಾಟಿಸಲು ಎರಡರ ನಡುವೆ ಹಾಕುವುದು ಇದನ್ನು. ಹಾಕಿದ ದಿನವೇ ಬರೆಯಬೇಕು ಅನಿಸಿತ್ತು, ಆದರೆ ಇದೇ ಕೆಲಸಕ್ಕೆ ಹಚ್ಚುವ ಥರ್ಮಲ್ ಪೇಸ್ಟ್ ವಿಷಯದಲ್ಲಿ ಮೊದಲ ದಿನದ ಸಂಖ್ಯೆಯನ್ನು ನಂಬಿ ಮೋಸ ಹೋಗಿದ್ದೆ. ಅದಕ್ಕೇ 8 ತಿಂಗಳು ಕಾದೆ.

ನನ್ನದು ಇಂಟೆಲ್‌ನ ಐ7 12700ಎಚ್. 14 ಕೋರ್ (ಲೆಕ್ಕ ಮಾಡುವ ಘಟಕ), ಮಾಮೂಲಿ ಲೆಕ್ಕದಲ್ಲಿ 45 ವ್ಯಾಟ್, ಬೂಸ್ಟ್ ಹೊಡೆದಾಗ, ಅಂದರೆ ತಾನೇ ವೇಗ ಏರಿಸಿಕೊಂಡಾಗ, 115 ವ್ಯಾಟ್‌ವರೆಗೆ ಹೋಗಬಲ್ಲದು. ಇದರ ಗರಿಷ್ಠ ಮಿತಿ 100 ಡಿಗ್ರಿ. ಅದನ್ನು ಮುಟ್ಟಿದ ತಕ್ಷಣ ಸುಟ್ಟು ಹೋಗುವುದಿಲ್ಲ, ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಗಾಗಿ 95 ನೋಡಿದ ಕೂಡಲೇ ಗಾಬರಿ ಬೀಳಬೇಕಿಲ್ಲ. ಆದರೆ ದುಡ್ಡು ಕೊಟ್ಟು ತಂದ ವೇಗ ಸಿಗದೇ ಹೋಗುತ್ತಲ್ಲ, ಹೊಟ್ಟೆ ಉರಿಯುವುದು ಅದಕ್ಕೆ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕೆಳಗೆ ಫ್ಯಾನ್ ಇರುವ ಕೂಲಿಂಗ್ ಪ್ಯಾಡ್ ತಂದೆ. ಇಳಿದದ್ದು ಮೂರು ಡಿಗ್ರಿ. ಹಿಂಭಾಗಕ್ಕೆ ಎರಡು ರಬ್ಬರ್ ತುಂಡು ಕೊಟ್ಟು ಸುಮ್ನೆ ಎತ್ತರಿಸಿಟ್ಟರೂ ಅಷ್ಟೇ ಇಳಿಯುತ್ತಿತ್ತು. ಆಮೇಲೆ ಥ್ರಾಟಲ್‌ಸ್ಟಾಪ್ ಅನ್ನೋ ತಂತ್ರಾಂಶ ಹಾಕಿ ಪ್ರೊಸೆಸರಿನ ವೋಲ್ಟೇಜ್ ಇಳಿಸೋಣ ಅಂದುಕೊಂಡರೆ ಲ್ಯಾಪ್‌ಟಾಪಿನ ಮೂಲ ತಂತ್ರಾಂಶವಾದ ಬಯೋಸ್‌ನಲ್ಲೇ ಬೀಗ. 2019ರ ಕೊನೆಯಲ್ಲಿ ಪ್ಲಂಡರ್‌ವೋಲ್ಟ್ ಅನ್ನೋ ಭದ್ರತಾ ದೋಷ ಹೊರಬಿದ್ದ ಮೇಲೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ದಾರಿ ಮುಚ್ಚಿದ್ದಾರೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 99 ಪರ್ಸೆಂಟ್‌ಗೆ ಇಟ್ಟು ಬೂಸ್ಟ್ ನಿಲ್ಲಿಸಿದೆ. ಬಿಸಿ ಧಡಕ್ಕನೆ ಇಳಿಯಿತು, ನಿಜ. ಆದರೆ 4.7 ಗಿಗಾಹರ್ಟ್ಸ್‌ವರೆಗೆ ಓಡಬಲ್ಲ ಕೋರ್ 2.3ರಲ್ಲಿ ತೆವಳುತ್ತದೆ. ಬ್ರೌಸರ್ ನೋಡುವಾಗ, ಬರೆಯುವಾಗ ಇದು ಸಾಕು. ದೊಡ್ಡ ಆಟಕ್ಕೆ ಸಾಲದು.

ನನ್ನ ಕಣ್ಣು ತೆರೆಸಿದ್ದು ಎಚ್‌ಡಬ್ಲ್ಯೂ ಇನ್ಫೋ ಅನ್ನೋ ತಂತ್ರಾಂಶ. ಅದರಲ್ಲಿ ಪ್ರತಿ ಕೋರ್‌ನ ತಾಪಮಾನ ಬೇರೆ ಬೇರೆಯಾಗಿ ಕಾಣುತ್ತದೆ. ನನ್ನ ಆರು ದೊಡ್ಡ ಕೋರ್‌ಗಳಲ್ಲಿ ಒಂದು 99ರಲ್ಲಿ ಕುದಿಯುತ್ತಿದ್ದರೆ ಇನ್ನೊಂದು 83ರಲ್ಲಿ ಆರಾಮಾಗಿತ್ತು, ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ಕೆಲಸ. ಒಂದೇ ಚಿಪ್ಪಿನ ಮೇಲೆ, ಬೆರಳಗಲದ ಜಾಗದಲ್ಲಿ 16 ಡಿಗ್ರಿ ವ್ಯತ್ಯಾಸ! ಅಂದರೆ ಫ್ಯಾನ್ ಸರಿಯಾಗೇ ಇದೆ, ಗಾಳಿಯೂ ಬರುತ್ತಿದೆ, ಆದರೆ ಚಿಪ್ಪಿನ ಒಂದು ಮೂಲೆಯ ಕಾವು ಮೇಲಿನ ತಾಮ್ರಕ್ಕೆ ಸರಿಯಾಗಿ ದಾಟುತ್ತಿಲ್ಲ. ಹೊರಗಿನಿಂದ ಎಷ್ಟು ಗಾಳಿ ಬೀಸಿದರೂ ಅದಕ್ಕೆ ಉಪಯೋಗವಿಲ್ಲ ಅಲ್ವಾ? ನೀವೂ ಏನನ್ನಾದರೂ ಕೊಳ್ಳುವ ಮೊದಲು ಈ ಒಂದು ಅಂತರ ನೋಡಿಕೊಳ್ಳಿ, ದಯವಿಟ್ಟು.

ಆಗ ಒಂದು ಸರ್ವಿಸ್ ಸೆಂಟರ್‌ನಲ್ಲಿ ಹೊಸ ಪೇಸ್ಟ್ ಹಾಕಿಸಿದೆ. ಮನೆಗೆ ತಂದಾಗ 85 ತೋರಿಸುತ್ತಿತ್ತು, ಖುಷಿಯೋ ಖುಷಿ. ಎರಡೇ ತಿಂಗಳು. ಮತ್ತೆ 96, 97. ಈ ಸಲ ನಾನೇ ಬಿಚ್ಚಿದೆ. ಚಿಪ್ಪಿನ ಮೇಲೆ ಕೂರುವ ತಾಮ್ರದ ಹೀಟ್‌ಸಿಂಕ್ ಎತ್ತಿ ನೋಡಿದರೆ ಚಿಪ್ಪಿನ ನಡುವೆ ಪೇಸ್ಟೇ ಇಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಪೇಸ್ಟೆಲ್ಲ ನಾಲ್ಕೂ ಅಂಚಿಗೆ ಸರಿದು ಒಡ್ಡು ಕಟ್ಟಿದ ಹಾಗೆ ಒಣಗಿ ನಿಂತಿತ್ತು. ಲ್ಯಾಪ್‌ಟಾಪ್ ಚಿಪ್ಪಿನ ಮೇಲೆ ಡೆಸ್ಕ್‌ಟಾಪಿನದರ ಹಾಗೆ ಲೋಹದ ಮುಚ್ಚಳ ಇರುವುದಿಲ್ಲ. ಬಿಸಿಯಾದಾಗ ಹಿಗ್ಗಿ, ತಣ್ಣಗಾದಾಗ ಕುಗ್ಗಿ, ಆ ಅಲುಗಾಟದಲ್ಲಿ ತೆಳು ಪೇಸ್ಟ್ ಸ್ವಲ್ಪಸ್ವಲ್ಪವೇ ಹೊರಗೆ ದೂಡಿಸಿಕೊಳ್ಳುತ್ತದೆ. ಇದಕ್ಕೆ ಪಂಪ್ ಔಟ್ ಅನ್ನುತ್ತಾರೆ. ಆ ಅಂಗಡಿಯವರು ಕೆಲಸ ಕೆಟ್ಟದಾಗಿ ಮಾಡಿದ್ದರು ಅಂತ ನಾನು ಹೇಳುವುದಿಲ್ಲ, ಬಳಸಿದ ವಸ್ತುವೇ ಈ ಜಾಗಕ್ಕೆ ತಕ್ಕದ್ದಾಗಿರಲಿಲ್ಲ.

ಪಿಟಿಎಂ 7950 ಇಲ್ಲೇ ಬೇರೆಯಾಗುವುದು. ತಣ್ಣಗಿದ್ದಾಗ ಇದು ಗಟ್ಟಿ. ಸುಮಾರು 45 ಡಿಗ್ರಿ ದಾಟಿದರೆ ಮೇಣದ ಹಾಗೆ ಮೆತ್ತಗಾಗಿ, ಹೀಟ್‌ಸಿಂಕ್‌ನ ಒತ್ತಡಕ್ಕೆ ತೆಳ್ಳಗೆ ಹರಡಿ, ಕಣ್ಣಿಗೆ ಕಾಣದ ಸಂದುಗಳನ್ನೆಲ್ಲ ತುಂಬಿಕೊಳ್ಳುತ್ತದೆ. ಮೆತ್ತಗಾದರೂ ನೀರಾಗುವುದಿಲ್ಲ, ಹಾಗಾಗಿ ಪೇಸ್ಟಿನಂತೆ ಅಂಚಿಗೆ ಓಡಿಹೋಗುವುದಿಲ್ಲ. ಇದರ ಶಾಖ ದಾಟಿಸುವ ಅಂಕ 8.5, ಡಬ್ಬಿಯ ಮೇಲೆ 12, 14 ಅಂತ ಬರೆದುಕೊಂಡ ಪೇಸ್ಟ್‌ಗಳಿಗಿಂತ ಕಡಿಮೆ. ಆ ಅಂಕ ನೋಡಿಯೇ ನಾನು ಮೊದಲು ಬೇಡ ಅಂದಿದ್ದೆ. ಅಂಕ ಎಷ್ಟೇ ಇರಲಿ, ಪೇಸ್ಟ್ ತನ್ನ ಜಾಗದಲ್ಲಿ ನಿಂತರೆ ತಾನೇ?

ಪೇಸ್ಟಿನ ಬದಲು ಹಚ್ಚುವ ದ್ರವ ಲೋಹ, ಅಂದರೆ ಲಿಕ್ವಿಡ್ ಮೆಟಲ್, ಇನ್ನೂ ತಣ್ಣಗಿಡುತ್ತದೆ ಅನ್ನುವುದು ನಿಜ. ಆದರೆ ಅದು ವಿದ್ಯುತ್ ಹರಿಸುತ್ತದೆ, ಒಂದು ಹನಿ ಪಕ್ಕಕ್ಕೆ ಹಾರಿದರೆ ಬೋರ್ಡೇ ಹೋಯಿತು. ಅದರಲ್ಲಿರುವ ಗ್ಯಾಲಿಯಂ ಅಲ್ಯುಮಿನಿಯಂ ಅನ್ನು ತಿಂದುಹಾಕುತ್ತದೆ. ದಿನಾ ಚೀಲದಲ್ಲಿ ಹೊತ್ತು ತಿರುಗುವ ಯಂತ್ರಕ್ಕೆ ನಾನಂತೂ ಹಾಕುವುದಿಲ್ಲ.

ಹಾಳೆ ಹಾಕುವ ಕೆಲಸ ಕಷ್ಟವಲ್ಲ, ನಾಜೂಕಿನದು. ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಪೊರೆ ಅಂಟಿರುತ್ತದೆ. ಕೋಣೆಯ ಬಿಸಿಗೇ ಹಾಳೆ ಮೆತ್ತಗಾಗಿ ಪೊರೆಯ ಜೊತೆಗೇ ಎದ್ದು ಬರುತ್ತದೆ, ನನ್ನ ಮೊದಲ ತುಂಡು ಹಾಗೇ ಹರಿದು ಹಾಳಾಯಿತು. ಎರಡನೇ ತುಂಡನ್ನು ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟೆ. ಆಗ ಪೊರೆ ನೀಟಾಗಿ ಬಿಟ್ಟುಕೊಂಡಿತು. ಚಿಪ್ಪಿಗಿಂತ ಒಂದು ಕೂದಲಷ್ಟು ದೊಡ್ಡದಾಗಿ ಕತ್ತರಿಸಿ, ಒಂದು ಬದಿಯ ಪೊರೆ ತೆಗೆದು ಚಿಪ್ಪಿನ ಮೇಲೆ ಕೂರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ, ಮೇಲಿನ ಪೊರೆಯನ್ನು ಮೂಲೆಯಿಂದ ಎಳೆಯಬೇಕು. ಇದಕ್ಕೆ ಮುಂಚೆ ಬ್ಯಾಟರಿಯ ಕನೆಕ್ಟರ್ ಕಳಚುವುದನ್ನು ಮರೆಯಬೇಡಿ, ಹಳೇ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಚೆನ್ನಾಗಿ ಒರೆಸಿ. ಹೀಟ್‌ಸಿಂಕ್ ಮೇಲೆ 1, 2, 3 ಅಂತ ಸಂಖ್ಯೆ ಇರುತ್ತದೆ, ಆ ಕ್ರಮದಲ್ಲೇ ಪ್ರತಿ ಸ್ಕ್ರೂವನ್ನೂ ಸ್ವಲ್ಪಸ್ವಲ್ಪ ಬಿಗಿ ಮಾಡುತ್ತಾ ಬನ್ನಿ. ಒಂದನ್ನೇ ಪೂರ್ತಿ ಬಿಗಿ ಮಾಡಿದರೆ ಹೀಟ್‌ಸಿಂಕ್ ಓರೆಯಾಗಿ ಕೂತು ಮತ್ತೆ ಅದೇ 16 ಡಿಗ್ರಿ. ಗ್ರಾಫಿಕ್ಸ್ ಮೆಮೊರಿಯ ಮೇಲಿನ ದಪ್ಪ ಪ್ಯಾಡ್‌ಗಳು ಸರಿಯಿದ್ದರೆ ಮುಟ್ಟಲೇಬೇಡಿ. ಅಳತೆ ತಪ್ಪಿದ ಪ್ಯಾಡ್ ಹಾಕಿದರೆ ಇಡೀ ಹೀಟ್‌ಸಿಂಕ್ ಎದ್ದು ನಿಲ್ಲುತ್ತದೆ.

ತೆರೆದಿದ್ದಾಗಲೇ ಫ್ಯಾನ್‌ನ ಬಾಯಿಯನ್ನೂ ನೋಡಿದೆ. ತಾಮ್ರದ ರೆಕ್ಕೆಗಳ ಒಳಬದಿಗೆ ಧೂಳು ಕಂಬಳಿಯ ಹಾಗೆ ಕೂತಿತ್ತು, ಚಿಮುಟದಿಂದ ಎಳೆದರೆ ಒಂದೇ ಪಟ್ಟಿಯಾಗಿ ಎದ್ದು ಬಂತು. ಹೊರಗಿನಿಂದ ಗಾಳಿ ಊದಿದರೆ ಇದು ಹೋಗುವುದಿಲ್ಲ. ಫ್ಯಾನ್ ಒರೆಸುವಾಗ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ನನಗೆ ಸಿಕ್ಕ ಇಳಿಕೆಯಲ್ಲಿ ಈ ಧೂಳಿನ ಪಾಲೂ ಇದೆ, ಎಲ್ಲವನ್ನೂ ಹಾಳೆಯ ಲೆಕ್ಕಕ್ಕೆ ಬರೆಯುವುದು ತಪ್ಪಾಗುತ್ತದೆ.

ಮೊದಲ ದಿನ 91. ನಿಜ ಹೇಳಬೇಕೆಂದರೆ ಬೇಜಾರಾಯಿತು. ಆದರೆ ಹಾಳೆ ನಾಲ್ಕಾರು ಸಲ ಬಿಸಿಯಾಗಿ ತಣಿದ ಮೇಲೇ ಪೂರ್ತಿ ಹರಡಿಕೊಳ್ಳುವುದು. ಒಂದು ವಾರಕ್ಕೆ 86ಕ್ಕೆ ಬಂದು ನಿಂತಿತು, ಕೋರ್‌ಗಳ ನಡುವಿನ ಅಂತರ 5 ಡಿಗ್ರಿ. ಆಟ ತಡವರಿಸುವುದು ನಿಂತಿದೆ.

ಫ್ಯಾನ್ ಸದ್ದು ಮಾತ್ರ ಅಂದುಕೊಂಡಷ್ಟು ಕಡಿಮೆ ಆಗಲಿಲ್ಲ. ಕಾವು ಬೇಗ ಹೊರಹೋಗುವುದು ಗೊತ್ತಾದ ಕೂಡಲೇ ಪ್ರೊಸೆಸರ್ ಇನ್ನೂ ಜಾಸ್ತಿ ವಿದ್ಯುತ್ ಎಳೆಯುತ್ತದೆ, ಸಿಕ್ಕ ಲಾಭವನ್ನೆಲ್ಲ ವೇಗಕ್ಕೆ ಸುರಿಯುತ್ತದೆ. ಅದಕ್ಕೆ ಥ್ರಾಟಲ್‌ಸ್ಟಾಪ್‌ನಲ್ಲಿ ದೀರ್ಘಕಾಲದ ವಿದ್ಯುತ್ ಮಿತಿಯನ್ನು 55 ವ್ಯಾಟ್‌ಗೆ ಇಳಿಸಿದೆ, ವೋಲ್ಟೇಜಿಗೆ ಬೀಗ ಇದ್ದರೂ ನನ್ನದರಲ್ಲಿ ಇದು ನಡೆಯಿತು. ಆಟದಲ್ಲಿ ಫ್ರೇಮ್‌ಗಳನ್ನು (ತೆರೆಯ ಮೇಲೆ ಮೂಡುವ ಚಿತ್ರಗಳನ್ನು) ಸೆಕೆಂಡಿಗೆ 90ಕ್ಕೆ ಕಟ್ಟಿಹಾಕಿದೆ. ಗ್ರಾಫಿಕ್ಸ್ ಚಿಪ್ಪೂ ಪ್ರೊಸೆಸರೂ ಒಂದೇ ತಾಮ್ರದ ಕೊಳವೆಗಳನ್ನು ಹಂಚಿಕೊಂಡಿರುವುದರಿಂದ, ಗ್ರಾಫಿಕ್ಸ್ ಚಿಪ್ಪಿಗೆ ಕೆಲಸ ಕಡಿಮೆಯಾದರೆ ಪ್ರೊಸೆಸರಿಗೂ ಬಿಸಿ ಕಡಿಮೆ. ಈಗ 78 ಆಸುಪಾಸು, ಹೆಡ್‌ಫೋನ್ ಇಲ್ಲದೆಯೂ ಆಟದ ಮಾತು ಕೇಳಿಸುತ್ತದೆ.

ಕೊಳ್ಳುವಾಗ ಎಚ್ಚರ ಬೇಕು, ನಕಲಿ ಹಾಳೆಗಳು ತುಂಬಾ ಇವೆ. ಒಮ್ಮೆ ಹೀಟ್‌ಸಿಂಕ್ ಎತ್ತಿದರೆ ಹೊಸ ತುಂಡು ಹಾಕಲೇಬೇಕು, ಆದ್ದರಿಂದ ಒಂದೆರಡು ತುಂಡಿಗೆ ಆಗುವಷ್ಟು ಹೆಚ್ಚಿಗೆ ತೆಗೆದುಕೊಳ್ಳಿ. ವಾರಂಟಿ ಇನ್ನೂ ಇದ್ದರೆ ಬಿಚ್ಚುವ ಮೊದಲು ಅದರ ಷರತ್ತು ಓದಿ. ಕೋರ್‌ಗಳ ಅಂತರ ಆರೇಳು ಡಿಗ್ರಿಯೊಳಗೇ ಇದ್ದರೆ ಈ ಹಾಳೆಯ ತಂಟೆಯೇ ಬೇಡ, ಧೂಳು ತೆಗೆದು ಹಿಂಭಾಗ ಎತ್ತರಿಸಿ ಸಾಕು.

ಮೊನ್ನೆ ವಿದ್ಯುತ್ ಮಿತಿ, ಫ್ರೇಮ್ ಮಿತಿ ಎರಡನ್ನೂ ತೆಗೆದು ಹಳೇ ಪರೀಕ್ಷೆಯನ್ನೇ ಮತ್ತೆ ಓಡಿಸಿದೆ: 86, ಅಂತರ 5. 8 ತಿಂಗಳಲ್ಲಿ ಒಂದು ಡಿಗ್ರಿಯೂ ಕದಲಿಲ್ಲ. ಉಳಿದ ತುಂಡನ್ನು ತಮ್ಮನ ಲ್ಯಾಪ್‌ಟಾಪಿಗೆ ಎತ್ತಿಟ್ಟಿದ್ದೇನೆ, ಅವನದರಲ್ಲಿ ಈಗ ಅಂತರ 14 ಇದೆ.