ಹೊಲದ ಮನೆಯ ಗರಸು ದಾರಿಗೆ ಟ್ರಾಕ್ಟರ್ ಹಿಂದೆ ಏನು ಕಟ್ಟಬೇಕು? ಐದು ಸಾಮಾನು ಹಾಕಿ ನೋಡಿದ ಮೇಲೆ

ಚಿತ್ತಾಪುರ ತಾಲ್ಲೂಕಿನಲ್ಲಿ, ಕಾಗಿಣಾ ನದಿಯಿಂದ ಜಾಸ್ತಿ ದೂರವಿಲ್ಲದ ಊರು ನಮ್ಮದು. ಡಾಂಬರು ರಸ್ತೆಯಿಂದ ಹೊಲದ ಮನೆಗೆ 220 ಮೀಟರ್ ದಾರಿ, 10 ಅಡಿ ಅಗಲ. ಕೆಳಗೆ ಅಪ್ಪಟ ಎರೆ ಮಣ್ಣು. ಅದರ ಮೇಲೆ ಅರ್ಧ ಅಡಿ ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು), ಮೇಲಿಷ್ಟು ಖಡಿ (ಜಲ್ಲಿ). ರಾಶಿ ಮುಗಿದ ಮೇಲೆ ತೊಗರಿ ಚೀಲದ ಟ್ರಾಲಿ ಹೊರಗೆ ಹೋಗುವುದು ಇದೇ ದಾರಿಯಲ್ಲಿ. ಮೊಣಕಾಲು ನೋವಿನ ಅವ್ವನನ್ನು ಬೈಕ್ ಮೇಲೆ ದವಾಖಾನೆಗೆ ಕರೆದುಕೊಂಡು ಹೋಗುವುದೂ ಇದೇ ದಾರಿಯಲ್ಲಿ. ಒಂದೊಂದು ತಗ್ಗು ಬಂದಾಗಲೂ ಅವ್ವ ನನ್ನ ಭುಜ ಗಟ್ಟಿಯಾಗಿ ಹಿಡಿಯುತ್ತಾಳೆ.

ಮೂರು ವರ್ಷದಿಂದ ಈ ದಾರಿ ಸರಿ ಮಾಡಲು ಬೇರೆ ಬೇರೆ ಸಾಮಾನು ಹಾಕಿ ನೋಡಿದ್ದೇನೆ. ಟ್ರಾಕ್ಟರ್ ಒಂದೇ, ಮಹೀಂದ್ರಾ 575, 45 ಎಚ್‌ಪಿ. ಓಡಿಸಿದವನೂ ನಾನೇ. ಹಾಗಾಗಿ ಕೆಲಸದಲ್ಲಿ ಕಂಡ ವ್ಯತ್ಯಾಸ ಬಹುಮಟ್ಟಿಗೆ ಹಿಂದೆ ಕಟ್ಟಿದ ಸಾಮಾನಿನದೇ.

ಮೊದಲು ಒಂದು ಮಾತು. ಗರಸು ದಾರಿ ಕೆಡುವುದು ಗಾಲಿಯಿಂದ ಅಂತ ನಾನು ತಿಳಿದಿದ್ದೆ. ನಿಜವಾಗಿ ಕೆಡಿಸುವುದು ನಿಂತ ನೀರು. ನಮ್ಮ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲಿನ ಗರಸಿನಲ್ಲಿ ನೀರು ನಿಂತರೆ ಕೆಳಗಿನ ಎರೆ ಮೆತ್ತಗಾಗುತ್ತದೆ, ಗಾಲಿ ಹೋದ ಹಾಗೆ ಗರಸು ಒಳಗೆ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ದಾರಿಯ ನಡು ಎತ್ತರ ಇರಬೇಕು, ಎರಡೂ ಬದಿಗೆ ಇಳಿಜಾರು ಇರಬೇಕು. ಮೀಟರ್‌ಗೆ ಸುಮಾರು 4 ಸೆಂ.ಮೀ. ಇಳಿಜಾರು ಸಾಕು. ನಮ್ಮ 10 ಅಡಿ ದಾರಿಗೆ ಅಂಚಿಗಿಂತ ನಡು 6 ಸೆಂ.ಮೀ. ಎತ್ತರ ಬೇಕು, ಅಂದರೆ ಮೂರ್ನಾಲ್ಕು ಬೆರಳು. ಆ ಮೂರ್ನಾಲ್ಕು ಬೆರಳು ಉಳಿಯಿತಾ ಇಲ್ಲವಾ ಅನ್ನುವುದರ ಮೇಲೆಯೇ ನಾನು ಪ್ರತಿ ಸಾಮಾನನ್ನೂ ಅಳೆದಿದ್ದೇನೆ.

ಮೊದಲ ವರ್ಷ ಜೆಸಿಬಿ ಕರೆಸಿದೆ. ತಾಸಿಗೆ 1,200 ರೂಪಾಯಿ ಕೊಟ್ಟೆ. ಬಕೆಟ್ ಬೆನ್ನಿನಿಂದ ಎಳೆದು ಒಂದೇ ತಾಸಿನಲ್ಲಿ ಹಾಸಿಗೆ ಹಾಸಿದ ಹಾಗೆ ಮಾಡಿಕೊಟ್ಟರು. ನೋಡಲು ಬಹಳ ಚೆಂದ ಇತ್ತು. ಆದರೆ ತಗ್ಗಿಗೆ ಸಡಿಲ ಗರಸು ಬಿದ್ದಿತ್ತು ಅಷ್ಟೇ, ನಡು ಎತ್ತರವೂ ಇರಲಿಲ್ಲ. ಎರಡು ದೊಡ್ಡ ಮಳೆ ಬಂದ ಮೇಲೆ ಹಳೆಯ ತಗ್ಗುಗಳು ಅದೇ ಜಾಗದಲ್ಲಿ ಎದ್ದವು. ಹೊಸ ದಾರಿ ಹಾಕಲು, ಬದಿ ಕಾಲುವೆ ತೋಡಲು ಜೆಸಿಬಿ ಬೇಕೇ ಬೇಕು. ವರ್ಷ ವರ್ಷ ದಾರಿ ಸವರಲು ಬೇಡ.

ಆಗ ಪಕ್ಕದ ಹೊಲದ ಕಾಕಾ ಒಂದು ಮಾತು ಹೇಳಿದರು: "ತಗ್ಗು ತುಂಬಬ್ಯಾಡ ತಮ್ಮಾ, ತಗ್ಗು ಕೀಳು." ಅದರ ಅರ್ಥ ತಿಳಿಯಲು ನನಗೆ ಇನ್ನೊಂದು ವರ್ಷ ಬೇಕಾಯಿತು. ತಗ್ಗಿನ ತಳ, ಅಂಚು ಎರಡೂ ಗಟ್ಟಿಯಾಗಿರುತ್ತವೆ. ಮೇಲೆ ಸುರಿದ ಗರಸು ಆ ಗಟ್ಟಿ ತಳಕ್ಕೆ ಅಂಟುವುದೇ ಇಲ್ಲ. ಬಟ್ಟಲಲ್ಲಿ ಹಾಕಿದ ಹಿಟ್ಟಿನ ಹಾಗೆ ಬಿಡಿಯಾಗಿ ಇರುತ್ತದೆ, ಗಾಲಿ ಬಂದಾಗ ಚಿಮ್ಮಿ ಹೊರಗೆ ಹೋಗುತ್ತದೆ. ಸುತ್ತಲಿನ ದಾರಿಯನ್ನು ತಗ್ಗಿನ ತಳದ ಮಟ್ಟಕ್ಕೆ ಕೆದರಿ, ಎಲ್ಲಾ ಕಲಸಿ, ಮತ್ತೆ ಹರಡಿದರೆ ಮಾತ್ರ ತಗ್ಗು ಹೋಗುತ್ತದೆ.

ಕೆದರಲು ಹೊಸದೇನೂ ಕೊಳ್ಳಬೇಕಿಲ್ಲ. ಮನೆಯ 9 ಹಲ್ಲಿನ ಕಲ್ಟಿವೇಟರ್ ಸಾಕು. ಸ್ಪ್ರಿಂಗ್ ಇರುವುದಾದರೆ ಇನ್ನೂ ಒಳ್ಳೆಯದು, ದೊಡ್ಡ ಕಲ್ಲು ಸಿಕ್ಕರೆ ಹಲ್ಲು ಹಿಂದಕ್ಕೆ ಬಾಗಿ ಉಳಿದುಕೊಳ್ಳುತ್ತದೆ. ಮೂರು ನಾಲ್ಕು ಇಂಚು ಆಳ ಮಾತ್ರ, ಮೊದಲನೇ ಗೇರಿನಲ್ಲಿ. ಕಲ್ಟಿವೇಟರ್ ಒಂದರಿಂದಲೇ ದಾರಿ ಆಗುವುದಿಲ್ಲ, ಅದು ಸಾಲು ಬಿಟ್ಟು ಹೋಗುತ್ತದೆ. ಆದರೆ ಅದಿಲ್ಲದೆ ಬೇರೆ ಯಾವ ಸಾಮಾನಿನಿಂದಲೂ ಗಟ್ಟಿಯಾದ ದಾರಿ ಸರಿಹೋಗಲಿಲ್ಲ. ರೋಟಾವೇಟರ್ ಇದೆಯಲ್ಲಾ ಅಂತ ಕೆಲವರು ಕೇಳುತ್ತಾರೆ. ದಯವಿಟ್ಟು ಖಡಿಯಲ್ಲಿ ರೋಟಾವೇಟರ್ ಇಳಿಸಬೇಡಿ. ಅದರ ಬ್ಲೇಡು ಮಣ್ಣಿಗೆ ಮಾಡಿದ್ದು, ಮತ್ತೆ ಕಲ್ಲು ಸಿಡಿದು ಯಾರಿಗಾದರೂ ಬಡಿಯುತ್ತದೆ.

ಕೆದರಿದ ಮೇಲೆ ಮೊದಲು ಹೊಡೆದದ್ದು ಕೊರಡು. ಹೊಲದಲ್ಲಿ ಹೆಂಟೆ ಒಡೆಯುವ ಅದೇ ಮರದ ದಿಮ್ಮಿಗೆ ಸರಪಳಿ ಕಟ್ಟಿ ಎಳೆದೆ. ಖರ್ಚು ಸೊನ್ನೆ. ಹದ ಇದ್ದಾಗ ಮೇಲ್ಮೈ ನುಣ್ಣಗೆ ಆಗುತ್ತದೆ. ಆದರೆ ಅದು ಉಬ್ಬು ಕತ್ತರಿಸುವುದಿಲ್ಲ, ಉಬ್ಬಿನ ಮೇಲೆ ಹತ್ತಿ ಇಳಿಯುತ್ತದೆ. ಕೊರಡನ್ನು ಕೀಳಾಗಿ ನೋಡಬೇಡಿ ಅಂತ ಮಾತ್ರ ಹೇಳುತ್ತೇನೆ. ಅಮೆರಿಕದ ಮಿಸ್ಸೌರಿಯ ರೈತ ಡಿ. ವಾರ್ಡ್ ಕಿಂಗ್ 1896ರ ಹೊತ್ತಿಗೆ ಇದೇ ಯೋಚನೆಯಲ್ಲಿ ಮಣ್ಣಿನ ರಸ್ತೆಗೆ ಒಂದು ಸಾಧನ ಮಾಡಿಕೊಂಡರು. ಎರಡು ಮರದ ತುಂಡುಗಳನ್ನು ಒಂದರ ಹಿಂದೆ ಒಂದು ಇಟ್ಟು ಜೋಡಿಸಿ, ಮಳೆ ಬಿಟ್ಟ ಮೇಲೆ ಕುದುರೆ ಕಟ್ಟಿ ರಸ್ತೆ ಮೇಲೆ ಎಳೆಯುವುದು. ಒಂದರ ಬದಲು ಎರಡು, ನಡುವೆ ಅಂತರ. ಮುಂದೆ ನನ್ನ ಸಮಸ್ಯೆ ಬಗೆಹರಿದದ್ದೂ ಈ ಎರಡನೇ ತುಂಡಿನಿಂದಲೇ.

ಎರಡನೇ ವರ್ಷ ಸಂಬಂಧಿಕರಿಂದ ಟ್ರಾಕ್ಟರ್ ಹಿಂದೆ ಕಟ್ಟುವ 7 ಅಡಿಯ ಬ್ಲೇಡ್ ತಂದೆ, ಲೆವೆಲರ್ ಅಂತಾರಲ್ಲ ಅದು. ಬಹಳ ಆಸೆಯಿಂದ ಕಟ್ಟಿದೆ. ಮೊದಲ ಸುತ್ತಿಗೇ ದಾರಿ ಅಲೆ ಅಲೆಯಾಯಿತು. ಕಾರಣ ಸರಳ. ಬ್ಲೇಡ್ ಇರುವುದು ಹಿಂದಿನ ಗಾಲಿಯ ಆಚೆ, ಗಾಳಿಯಲ್ಲಿ ತೂಗಾಡುತ್ತಾ. ಮುಂದಿನ ಗಾಲಿ ತಗ್ಗಿಗೆ ಇಳಿದರೆ ಬ್ಲೇಡ್ ಮೇಲೆ ಏಳುತ್ತದೆ. ಹಿಂದಿನ ಗಾಲಿ ಇಳಿದರೆ ಬ್ಲೇಡ್ ನೆಲಕ್ಕೆ ಕಚ್ಚುತ್ತದೆ. ಹೀಗೆ ಇರುವ ತಗ್ಗುಗಳನ್ನೇ ಅದು ಮುಂದಕ್ಕೆ ನಕಲು ಮಾಡುತ್ತಾ ಹೋಗುತ್ತದೆ. ಜೋರಾಗಿ ಓಡಿಸಿದರೆ ಬ್ಲೇಡ್ ಕುಣಿದು ಇನ್ನೂ ಕೆಡುತ್ತದೆ. ತಾಸಿಗೆ 3ರಿಂದ 5 ಕಿ.ಮೀ. ಮೇಲೆ ಹೋಗಲೇಬಾರದು.

ಆದರೂ ಅದರಿಂದ ಒಂದು ಕೆಲಸ ಬಹಳ ಚೆನ್ನಾಗಿ ಆಗುತ್ತದೆ. ಬ್ಲೇಡನ್ನು 30 ಡಿಗ್ರಿಯಷ್ಟು ಓರೆ ಮಾಡಿ ಅಂಚಿನಿಂದ ಎಳೆದರೆ, ಮಳೆಗೆ ಬದಿಗೆ ಜಾರಿದ ಗರಸೆಲ್ಲಾ ನಡುವಿಗೆ ಬರುತ್ತದೆ. ಎರಡೂ ಬದಿಯಿಂದ ಎರಡೆರಡು ಸುತ್ತು ಹೊಡೆದರೆ ಆ ಮೂರ್ನಾಲ್ಕು ಬೆರಳಿನ ಎತ್ತರ ಸಿಕ್ಕಿತು. ಈ ಕೆಲಸದಲ್ಲಿ ಬೇರೆ ಯಾವುದೂ ಇದರ ಸಮಕ್ಕೆ ಬರಲಿಲ್ಲ. ಕೊಳ್ಳುವವರು 6 ಅಡಿಯದ್ದಕ್ಕಿಂತ 7 ಅಡಿಯದ್ದು ನೋಡಿ. ಓರೆ ಮಾಡಿದಾಗ 6 ಅಡಿ ಬ್ಲೇಡ್ ಐದಡಿ ಚಿಲ್ಲರೆ ಅಷ್ಟೇ ಸವರುತ್ತದೆ, ಗಾಲಿಯ ಗುರುತು ಹೊರಗೆ ಉಳಿಯುತ್ತದೆ.

ಕಳೆದ ವರ್ಷ ನಿಜವಾದ ಪರೀಕ್ಷೆ ಮಾಡಿದೆ. ಹುಮನಾಬಾದ್ ಕಡೆ ಲೇಔಟ್ ಕೆಲಸ ಮಾಡುವ ಪರಿಚಯದವರೊಬ್ಬರ ಬಳಿ ಬಾಕ್ಸ್ ಬ್ಲೇಡ್ ಇತ್ತು. ಮೂರು ದಿನಕ್ಕೆ ಕೊಟ್ಟರು. ಹಿಂದೆ ಬ್ಲೇಡ್, ಎರಡು ಬದಿಗೆ ತಗಡಿನ ಗೋಡೆ, ಮುಂದೆ ಐದು ಹಲ್ಲು. ಅದೇ ಹೊತ್ತಿಗೆ ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ನಾನೊಂದು ಉದ್ದನೆಯ ಚೌಕಟ್ಟು ಮಾಡಿಸಿದ್ದೆ. ಎರಡು ಬದಿಗೆ 6 ಅಡಿ ಉದ್ದದ ಕಬ್ಬಿಣದ ಚಾನೆಲ್, ಅವು ನೆಲದ ಮೇಲೆ ಜಾರುತ್ತವೆ. ನಡುವೆ ಅಡ್ಡಕ್ಕೆ 6 ಅಡಿಯ ಎರಡು ಬ್ಲೇಡ್, ಒಂದರ ಹಿಂದೆ ಒಂದು. ಬ್ಲೇಡಿನ ಅಂಚು ಚಾನೆಲ್‌ಗಿಂತ ಅರ್ಧ ಇಂಚು ಕೆಳಗೆ. ಹೊರದೇಶಗಳಲ್ಲಿ ಇದಕ್ಕೆ ಲ್ಯಾಂಡ್ ಪ್ಲೇನ್ ಅಂತಾರೆ. ನಮ್ಮ ಕಡೆ ರೆಡಿ ಸಿಗಲಿಲ್ಲ, ಅದಕ್ಕೇ ಮಾಡಿಸಿದ್ದು.

ಮಿರಗದ (ಮೃಗಶಿರ) ಮಳೆ ಎರಡು ಸಲ ಬಿದ್ದು ಹದ ಬಂದಿತ್ತು. ಗರಸು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಕೈಗೆ ನೀರು ಬಿಡಬಾರದು, ಅದು ಹದ. ಏಪ್ರಿಲ್ ತಿಂಗಳ ಒಣ ಗರಸಿನಲ್ಲಿ ಏನು ಕಟ್ಟಿದರೂ ಧೂಳು ಅಷ್ಟೇ. ಇಡೀ ದಾರಿಗೆ ಕಲ್ಟಿವೇಟರ್ ಹೊಡೆದು, ಲೆವೆಲರ್‌ನಿಂದ ನಡು ಎತ್ತರ ಮಾಡಿ, ಮೊದಲ 110 ಮೀಟರ್ ಬಾಕ್ಸ್ ಬ್ಲೇಡ್‌ಗೆ, ಉಳಿದ 110 ಮೀಟರ್ ಚೌಕಟ್ಟಿಗೆ ಬಿಟ್ಟೆ.

ಬಾಕ್ಸ್ ಬ್ಲೇಡಿನ ಶಕ್ತಿ ಅಂದರೆ ಮಣ್ಣು ಹೊತ್ತುಕೊಂಡು ಹೋಗುವುದು. ಪೈಪ್ ಮೋರಿ ಹತ್ತಿರ ಮಳೆಗೆ ಕೊಚ್ಚಿ ಕೆಳಗೆ ಗುಡ್ಡೆಯಾಗಿದ್ದ ಗರಸನ್ನು ಡಬ್ಬಿ ತುಂಬಾ ತುಂಬಿಕೊಂಡು 30 ಮೀಟರ್ ಮೇಲಕ್ಕೆ ತಂದು ಹಾಕಿದೆ. ಚೌಕಟ್ಟಿಗೆ ಅದು ಆಗುವುದಿಲ್ಲ. ಆದರೆ ಬಾಕ್ಸ್ ಬ್ಲೇಡ್ ಕೈ ಪಳಗಿದವರ ಸಾಮಾನು. ಟ್ರಾಕ್ಟರಿಗೆ ಸಾಮಾನನ್ನು ಮೇಲಿನಿಂದ ಜೋಡಿಸುವ ಸರಳು, ಅಂದರೆ ಟಾಪ್ ಲಿಂಕ್ ಗಿಡ್ಡ ಮಾಡಿದರೆ ಮುಂದಿನ ಹಲ್ಲು ಆಳಕ್ಕೆ ಹೋಗುತ್ತವೆ, ಉದ್ದ ಮಾಡಿದರೆ ಹಿಂದಿನ ಬ್ಲೇಡ್ ನುಣ್ಣಗೆ ಸವರುತ್ತದೆ. ಎರಡು ಮೂರು ಸುತ್ತು ತಿರುಗಿಸಿದರೂ ಬಹಳ ಫರಕು. ನಾನು ಒಂದು ಕಡೆ ಜಾಸ್ತಿ ಗಿಡ್ಡ ಮಾಡಿಬಿಟ್ಟೆ. ಹಲ್ಲು ಗರಸು ದಾಟಿ ಎರೆ ಮಣ್ಣಿಗೆ ಇಳಿದು, ಕಪ್ಪು ಮಣ್ಣನ್ನು ಮೇಲೆ ತಂದಿತು. ಗರಸಿನಲ್ಲಿ ಎರೆ ಬೆರೆತರೆ ಆ ಜಾಗ ಮಳೆಯಲ್ಲಿ ಗಾಲಿಗೆ ಅಂಟುವ ಕೆಸರೇ ಸರಿ. ಆ ಎಂಟು ಮೀಟರ್ ಸಲಿಕೆಯಿಂದ ಎತ್ತಿ ಹಾಕಿ, ಒಂದು ಟ್ರಾಲಿ ಹೊಸ ಗರಸು ತರಬೇಕಾಯಿತು. ನೀವು ಬಾಕ್ಸ್ ಬ್ಲೇಡ್ ತಂದರೆ ಮೊದಲು ನಾಲ್ಕು ಕಡೆ ಗುದ್ದಲಿಯಿಂದ ತೋಡಿ ಗರಸು ಎಷ್ಟು ದಪ್ಪ ಇದೆ ನೋಡಿಕೊಳ್ಳಿ. ಹೈಡ್ರಾಲಿಕ್ ಡ್ರಾಫ್ಟ್ ಲಿವರ್ ಬೇಡ, ಸಾಮಾನನ್ನು ಇಟ್ಟ ಎತ್ತರದಲ್ಲೇ ಹಿಡಿದಿಡುವ ಪೊಸಿಷನ್ ಲಿವರ್‌ನಲ್ಲೇ ಇರಲಿ. ಡ್ರಾಫ್ಟ್‌ನಲ್ಲಿ ಇಟ್ಟರೆ ಗಟ್ಟಿ ಸಿಕ್ಕಾಗಲೆಲ್ಲಾ ತಾನೇ ಎತ್ತಿಕೊಂಡು ಅಲೆ ಬಿಡುತ್ತದೆ.

ಚೌಕಟ್ಟಿನ ಕಡೆ ನನಗೆ ಇಂಥ ಚಿಂತೆಯೇ ಇರಲಿಲ್ಲ. ಲಿವರ್ ಪೂರ್ತಿ ಕೆಳಗೆ ಬಿಟ್ಟು ಸುಮ್ನೆ ಎಳೆದೆ. ಅದು ಟ್ರಾಕ್ಟರಿನ ಏರಿಳಿತ ಕೇಳುವುದಿಲ್ಲ, ತನ್ನ ಆರು ಅಡಿ ಚಾನೆಲ್ ಮೇಲೆ ಕುಳಿತು ಹೋಗುತ್ತದೆ. ಒಂದೂವರೆ ಅಡಿ ಅಗಲದ ತಗ್ಗು ಬಂದರೆ ಚಾನೆಲ್ ಅದರ ಮೇಲೆ ಸೇತುವೆಯ ಹಾಗೆ ದಾಟುತ್ತದೆ. ಮುಂದಿನ ಬ್ಲೇಡ್ ಉಬ್ಬು ಕತ್ತರಿಸಿ ಹಿಂದಕ್ಕೆ ಚೆಲ್ಲುತ್ತದೆ, ಹಿಂದಿನದು ಅದನ್ನು ಹರಡುತ್ತದೆ. ನಡುವಿನ ಎತ್ತರ ಕೆಡದಿರಲಿ ಅಂತ ಸಾಮಾನು ಎತ್ತುವ ಬಲಗಡೆ ಸರಳಿನ (ಲಿಫ್ಟ್ ರಾಡ್) ಹಿಡಿ ತಿರುಗಿಸಿ ಆ ಬದಿ ಸ್ವಲ್ಪ ಎತ್ತಿಕೊಂಡೆ. ಹೋಗುವಾಗ, ಬರುವಾಗ ಎರಡೂ ಸಲ ಎಡ ಅಂಚಿಗೆ ಓಡಿಸಿದೆ, ಆಗ ಎತ್ತಿದ ಬದಿ ದಾರಿಯ ನಡುವಿಗೇ ಬರುತ್ತದೆ. ಬಾಕ್ಸ್ ಬ್ಲೇಡ್‌ಗೆ ಎರಡು ತಾಸು ಹಿಡಿದ ಅಷ್ಟೇ ಉದ್ದದ ಕೆಲಸ ಚೌಕಟ್ಟಿಗೆ ಒಂದು ತಾಸಿನಲ್ಲಿ ಮುಗಿಯಿತು.

ಆಮೇಲೆ ರೋಲರ್ ಇಲ್ಲದ ಕಾರಣ, ಕಲ್ಲು ತುಂಬಿದ ಟ್ರಾಲಿಯನ್ನು ಗಾಲಿಗೆ ಗಾಲಿ ಪಕ್ಕ ಬರುವ ಹಾಗೆ ಇಡೀ ದಾರಿ ಓಡಿಸಿದೆ. ಇದನ್ನು ಮಾತ್ರ ಬಿಡಬೇಡಿ.

ಮಳೆಗಾಲ ಕಳೆದಾಗ ಫಲಿತಾಂಶ ಕಣ್ಣಿಗೆ ಕಾಣುವ ಹಾಗಿತ್ತು. ಬಾಕ್ಸ್ ಬ್ಲೇಡಿನ ಅರ್ಧದಲ್ಲಿ ಶ್ರಾವಣದ ಹೊತ್ತಿಗೆ ಸಣ್ಣ ಅಲೆಗಳಲ್ಲಿ ನೀರು ನಿಲ್ಲತೊಡಗಿತು. ಚೌಕಟ್ಟಿನ ಅರ್ಧ ಮಹಾನವಮಿ ದಾಟಿದ ಮೇಲೂ ಬೈಕಿಗೆ ಸಲೀಸಾಗಿತ್ತು. ಬಾಕ್ಸ್ ಬ್ಲೇಡಿನ ಅಲೆಗಳಲ್ಲಿ ನನ್ನ ಹೊಸ ಕೈಯ ಪಾಲು ದೊಡ್ಡದು, ದಿನಾ ಅದನ್ನೇ ಓಡಿಸುವವರು ಇದಕ್ಕಿಂತ ಚೆನ್ನಾಗಿ ಮಾಡುತ್ತಾರೆ. ಆದರೆ ವರ್ಷಕ್ಕೆ ಎರಡು ಸಲ ಮಾತ್ರ ದಾರಿ ಸವರುವ ನನ್ನಂಥ ರೈತರಿಗೆ ಆ ಕೈ ಎಲ್ಲಿಂದ ಬರಬೇಕು? ಅದಕ್ಕೇ ನಾನು ಚೌಕಟ್ಟನ್ನೇ ಉಳಿಸಿಕೊಂಡೆ. ಕಲ್ಟಿವೇಟರ್ ಮನೆಯದು, ಲೆವೆಲರ್ ವರ್ಷಕ್ಕೊಂದು ದಿನ ಕೇಳಿ ತರುತ್ತೇನೆ. ದೊಡ್ಡ ಇಳಿಜಾರಿನ ದಾರಿ, ಗರಸು ಕೊಚ್ಚಿಹೋಗುವ ಜಾಗ ಜಾಸ್ತಿ ಇರುವವರು ಮಾತ್ರ ಬಾಕ್ಸ್ ಬ್ಲೇಡ್ ಯೋಚನೆ ಮಾಡಿ.

ಚೌಕಟ್ಟು ಮಾಡಿಸುವವರಿಗೆ ನಾನು ಕಲಿತ ಎರಡು ಮಾತು. ಬ್ಲೇಡಿನ ಅಂಚಿಗೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಹಾಕಿಸಿ, ಬೇಗ ಸವೆಯುವುದಿಲ್ಲ. ಆದರೆ ವೆಲ್ಡಿಂಗ್ ಮಾಡಿಸಬೇಡಿ, ನಟ್ ಬೋಲ್ಟ್ ಹಾಕಿಸಿ. ಆ ಉಕ್ಕು ವೆಲ್ಡಿಂಗ್ ಹತ್ತಿರ ಬಿರುಕು ಬಿಡುತ್ತದೆ, ಬೋಲ್ಟ್ ಆದರೆ ತಿರುಗಿಸಿ ಹಾಕಬಹುದು. ಇನ್ನೊಂದು, ತೂಕ. ನಮ್ಮದು ಸುಮಾರು 180 ಕೆ.ಜಿ., ಗಟ್ಟಿ ನೆಲಕ್ಕೆ ಅದು ಸಾಲದು. ಮೇಲೆ ಮೂರು ಶಹಾಬಾದ್ ಫರ್ಸಿ (ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು) ಹೇರಿ ಹಗ್ಗದಿಂದ ಬಿಗಿದೆ, ಆಗ ನೆಲಕ್ಕೆ ಕೂತಿತು. ತೂಕಕ್ಕೆ ಅಂತ ಹುಡುಗರನ್ನು ನಿಲ್ಲಿಸುವ ಅಭ್ಯಾಸ ನಮ್ಮ ಊರುಗಳಲ್ಲಿ ಇದೆ. ಕಾಲು ಜಾರಿದರೆ ಬ್ಲೇಡಿನ ಕೆಳಗೇ ಬೀಳುತ್ತಾರೆ. ಕೈ ಮುಗಿದು ಕೇಳುತ್ತೇನೆ, ಕಲ್ಲು ಹೇರಿ, ಮನುಷ್ಯರನ್ನು ಬೇಡ.

ಅದೇ ಫರ್ಸಿಯ ಗಣಿ ಚೂರು ಅಗ್ಗಕ್ಕೆ ಸಿಗುತ್ತದೆ ಅಂತ ದಾರಿಯ ಮೇಲೆ ಹಾಕುವವರೂ ಇದ್ದಾರೆ. ಗರಸಿನ ಕೆಳಗೆ ಎರೆ ಮಣ್ಣಿನ ಮೇಲೆ ಹಾಸಲು ಅದು ಒಳ್ಳೆಯದೇ. ಮೇಲೆ ಬೇಡ. ಚಪ್ಪಟೆ ಚೂರು ಬ್ಲೇಡಿಗೆ ಸಿಕ್ಕಿ ಎದ್ದು ನಿಲ್ಲುತ್ತದೆ, ಟೈರ್ ಕೊಯ್ಯುತ್ತದೆ. ಬರೀ ತೊಳೆದ ಖಡಿಯೂ ಅಷ್ಟೇ, ಹಿಡಿದಿಡುವ ಸಣ್ಣ ಗರಸು ಇಲ್ಲದಿದ್ದರೆ ಗಾಲಿಗೆ ಉರುಳಿ ಬದಿಗೆ ಹೋಗುತ್ತದೆ.

ಈ ಸಲ ಉಳಿದಿರುವುದು ಗೇಟಿನ ಹತ್ತಿರದ ತಿರುವು. ಚೌಕಟ್ಟು ಉದ್ದ ಇರುವುದರಿಂದ ಅಲ್ಲಿ ತಿರುಗುವುದಿಲ್ಲ, ತಿರುಗಿಸಿದರೆ ಒಳಬದಿಯ ಚಾನೆಲ್ ಗರಸು ಕೆತ್ತಿಬಿಡುತ್ತದೆ. ಆ ನಾಲ್ಕು ಮೀಟರ್ ನಾನು ಸಲಿಕೆ, ಬುಟ್ಟಿ ಹಿಡಿದು ಕೈಯಿಂದಲೇ ಸರಿ ಮಾಡುತ್ತೇನೆ. ಅವ್ವ ಬೈಕಿನಿಂದ ಇಳಿಯುವುದು ಅಲ್ಲೇ.