ಮಂಡಿಯ ಆರ್ತ್ರೋಸ್ಕೋಪಿ ಆದ ಮೇಲೆ ಮೀನಖಂಡ ಮುಟ್ಟಿ ನೋಡಿ

ಮಂಡಿಯ ಆರ್ತ್ರೋಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಮಾಡುವ ಕೀಲಿನ ಸರ್ಜರಿ) ಮಾಡಿಸಿಕೊಳ್ಳುವವರು, ಅದಕ್ಕಿಂತ ಮುಖ್ಯವಾಗಿ ಅವರ ಜೊತೆ ಆಸ್ಪತ್ರೆಯಲ್ಲಿ ಉಳಿಯುವವರು ದಯವಿಟ್ಟು ಇದನ್ನು ಓದಿ. ನನ್ನ ತಮ್ಮನ ಕಾಲು ಸ್ವಲ್ಪದರಲ್ಲಿ ಉಳಿಯಿತು.

ಆಟದಲ್ಲಿ ಬಿದ್ದು ಅವನ ಲಿಗಮೆಂಟ್ ಹರಿದಿತ್ತು. ಪೆಟ್ಟು ಹಸಿಯಾಗಿರುವಾಗಲೇ ಸರ್ಜರಿ ಆಯಿತು. ಸಣ್ಣ ತೂತು, ಒಂದು ಕ್ಯಾಮೆರಾ, ಅಷ್ಟೇ ಅಂದಿದ್ದರು. ನೀರಿನ ವಿಷಯ ಯಾರೂ ಎತ್ತಲಿಲ್ಲ. ಒಳಗೆ ಸರಿಯಾಗಿ ಕಾಣಬೇಕಾದರೆ ಕೀಲಿಗೆ ಸಲೈನ್ ತುಂಬಿ ಉಬ್ಬಿಸಬೇಕು, ರಕ್ತ ತೊಳೆದುಹೋಗುವಂತೆ ಲೀಟರ್‌ಗಟ್ಟಲೆ ಹರಿಸುತ್ತಲೇ ಇರಬೇಕು. ಇದಕ್ಕೆ ಪಂಪ್ ಇಡುತ್ತಾರೆ, ಇಲ್ಲವೇ ಸಲೈನ್ ಚೀಲಗಳನ್ನು ಎತ್ತರದಲ್ಲಿ ತೂಗುಹಾಕುತ್ತಾರೆ. ಪೆಟ್ಟಿನಿಂದ ಕೀಲಿನ ಸುತ್ತಲಿನ ಪೊರೆಯೂ ಹರಿದಿದ್ದರೆ ಆ ನೀರು ತೊಡೆಗೋ ಮೀನಖಂಡಕ್ಕೋ ನುಗ್ಗುತ್ತದೆ. ಬಹುಪಾಲು ಜನರಲ್ಲಿ ದೇಹವೇ ಅದನ್ನು ಹೀರಿಕೊಂಡು ಊತ ಇಳಿಯುತ್ತದೆ. ತಮ್ಮನಿಗೆ ಇಳಿಯಲಿಲ್ಲ.

ಬೆನ್ನಿಗೆ ಕೊಟ್ಟ ಅರಿವಳಿಕೆ ಇಳಿಯುತ್ತಿದ್ದಂತೆ ನೋವು ಶುರುವಾಯಿತು. ಇಂಜೆಕ್ಷನ್ ಕೊಟ್ಟರೂ ಜಗ್ಗಲಿಲ್ಲ. ನೋವು ಮಂಡಿಯಲ್ಲಲ್ಲ, ಕೆಳಗೆ, ಮೀನಖಂಡದಲ್ಲಿ. ಮುಟ್ಟಿದರೆ ಕೊರಡಿನ ಹಾಗೆ ಗಟ್ಟಿ, ಚರ್ಮ ಬಿಗಿದು ಮಿರುಗುತ್ತಿತ್ತು. ಅಂಗಾಲು ಜೋಮು ಹಿಡಿದಿದೆ ಅಂದ. ನರ್ಸ್ ಪಾದದ ನಾಡಿ ಹಿಡಿದು, "ನಾಡಿ ಸಿಗ್ತಿದೆ, ಊತ ಸಹಜ, ಗಾಬರಿ ಬೇಡ" ಅಂದರು. ಈ ಒಂದು ಮಾತಿನಲ್ಲಿ ಅಮೂಲ್ಯವಾದ ಹೊತ್ತು ಕಳೆದುಹೋಯಿತು. ಸ್ನಾಯುವಿನೊಳಗಿನ ಒತ್ತಡ ಅಪಾಯದ ಮಟ್ಟ ದಾಟಿದ ಮೇಲೂ ನಾಡಿ ಸಿಗುತ್ತಲೇ ಇರಬಹುದು. ಅದು ನಿಲ್ಲುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ.

ರಾತ್ರಿ ಪಾಳಿಯ ಡಾಕ್ಟರು ಬಂದು ಅವನ ಕಾಲ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿದರು. ತಮ್ಮ ಚೀರಿದ. ಅವರು ಇನ್ನೇನೂ ಕೇಳಲಿಲ್ಲ. ಬ್ಯಾಂಡೇಜು ಪೂರ್ತಿ ಕತ್ತರಿಸಿ, ದಿಂಬಿನ ಮೇಲಿದ್ದ ಕಾಲನ್ನು ಎದೆಯ ಮಟ್ಟಕ್ಕೆ ಇಳಿಸಿ, ಸರ್ಜನ್‌ಗೆ ಫೋನ್ ಮಾಡಿದರು. ಕಂಪಾರ್ಟ್‌ಮೆಂಟ್ ಸಿಂಡ್ರೋಮ್, ಅಂದರೆ ಸ್ನಾಯುವಿನೊಳಗೆ ಒತ್ತಡ ಏರಿ ಅದಕ್ಕೆ ರಕ್ತ ಸಿಗದಂತಾಗುವುದು. ಆ ರಾತ್ರಿಯೇ ಮೀನಖಂಡವನ್ನು ಉದ್ದಕ್ಕೆ ಸೀಳಿ ಒತ್ತಡ ಇಳಿಸಿದರು. ಗಾಯವನ್ನು ತೆರೆದೇ ಇಟ್ಟು ಆಮೇಲೆ ಮುಚ್ಚಿದರು. ಕಾಲು ಉಳಿಯಿತು, ಅಂಗಾಲಿನ ಜೋಮು ಇನ್ನೂ ಪೂರ್ತಿ ಹೋಗಿಲ್ಲ.

ಇದು ಅಪರೂಪ, ಹೆದರಿ ಸರ್ಜರಿ ಬಿಡಬೇಕಿಲ್ಲ. ಆದರೆ ರಕ್ತ ಸಿಗದ ಸ್ನಾಯು ಸುಮಾರು 6 ಗಂಟೆ ದಾಟಿದರೆ ಮತ್ತೆ ಸರಿಹೋಗದಷ್ಟು ಹಾಳಾಗತೊಡಗುತ್ತದೆ. ಪೊರೆ ಹರಿದಿದೆಯೇ, ಈಗಲೇ ಮಾಡಬೇಕೇ, ಕೆಲವು ವಾರ ಕಾಯಬಹುದೇ ಎಂದು ಮುಂಚೆಯೇ ಕೇಳಿ. ನೋವಿಗೆಂದು ನರಕ್ಕೆ ಬ್ಲಾಕ್ (ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟಿದ್ದರೆ ರೋಗಿಗೆ ನೋವೇ ಗೊತ್ತಾಗದಿರಬಹುದು, ಆಗ ಜೊತೆಗಿರುವವರ ಕೈಯೇ ಆಧಾರ: ಎರಡೂ ಮೀನಖಂಡ ಮುಟ್ಟಿ ಹೋಲಿಸಿ. ಒಂದು ಗಟ್ಟಿಯಾಗುತ್ತಿದ್ದರೆ, ಯಾರು ಸಹಜ ಅಂದರೂ, ಸರ್ಜನ್ ಬಂದು ನೋಡುವವರೆಗೆ ಪಟ್ಟು ಬಿಡಬೇಡಿ.